ಟಿ.ವಿ. ಮಗುವಿನ ಜಬ್ಲ

ಖಾಲಾ ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ದಾರ ಕಡಿದು ಕಡಿದು ಸವೆದದ್ದು. ಕತ್ತರಿ ಮಡಿಲಲ್ಲೇ ಬಿದ್ದಿದ್ದರೂ ಹೊಲಿಗೆ ಮುಗಿದ ಕೂಡಲೇ ಬಟ್ಟೆಯನ್ನು ಬಾಯಿಗೆ ಒಯ್ದು, ಆ ಕಚ್ಚಿಗೆ ದಾರ ಸಿಕ್ಕಿಸಿ, ಟಕ್ಕೆಂದು ಕಡಿಯುತ್ತಿದ್ದರು. ನಕ್ಕಾಗ ಮೊದಲು ಕಾಣುತ್ತಿದ್ದದ್ದು ಆ ಹಲ್ಲೇ.

ನಾನು ಸಾಲಿಗ್ರಾಮದ ಕಡೆಯ ಹಳ್ಳಿಯಿಂದ ಹುಣಸೂರಿಗೆ ಸೊಸೆಯಾಗಿ ಬಂದಾಗ ಅವರು ಪಕ್ಕದ ಮನೆಯವರು. ಅವರ ಗಂಡನಿಗೆ ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ. ಗಂಡಸರ ಬಟ್ಟೆ ಅಲ್ಲಿ, ಹೆಂಗಸರದು ಮನೆಯಲ್ಲಿ ಇವರ ಕೈಗೆ. ಅವರ ಮಾತಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ. ಬೀದಿಗೆಲ್ಲ ಅವರು ಒಬ್ಬರೇ ಚಿಕ್ಕಮ್ಮ, ಹಿಂದೂಗಳಿಗೂ ಸಾಬರಿಗೂ.

ಹೊಲಿಗೆ ಅಚ್ಚುಕಟ್ಟು. ಆದರೆ ಹೇಳಿದ ದಿನಕ್ಕೆ ಕೊಟ್ಟ ಉದಾಹರಣೆ ಇಲ್ಲ. ಹೊಗೆಸೊಪ್ಪಿನ ಹರಾಜು ಶುರುವಾಗಿ ಜನರ ಕೈಯಲ್ಲಿ ಕಾಸು ಓಡಾಡುವ ಕಾಲಕ್ಕೆ ಹನಗೋಡಿನಿಂದೆಲ್ಲ ಹೆಂಗಸರು ಬ್ಲೌಸ್ ಪೀಸು ಹಿಡಿದು ಬಸ್ಸಿಳಿಯುತ್ತಿದ್ದರು. ಯಾರು ಬಂದು ಬಾಗಿಲಲ್ಲಿ ನಿಂತು ಕೂಗಾಡಿದರೂ ಖಾಲಾ ಹೇಳುತ್ತಿದ್ದದ್ದು ಒಂದೇ ಮಾತು: “ಆಗೋಯ್ತು ಕಣವ್ವ, ಉಕ್ಕೊಂದು ಬಾಕಿ.” ಹುಕ್ಕು ಬಾಕಿ ಅಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಎಂದು ಅರ್ಥ. ಇದು ಬೀದಿಗೇ ಗೊತ್ತಿದ್ದ ಸಂಗತಿ. ಸುಳ್ಳನ್ನು ಅವರಷ್ಟು ಹಸನಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳುವವರನ್ನು ನಾನು ಮತ್ತೆ ಕಂಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ಖಾಲಾ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಹುಟ್ಟದ ಮಗುವಿಗೆ ಬಟ್ಟೆ ಹೊಲಿಯುತ್ತಿರಲಿಲ್ಲ. ಮಗು ಹುಟ್ಟಿ, ಅತ್ತ ಮೇಲೆಯೇ ಸೂಜಿ. ಮೊದಲು ಹಾಕುವ ಬಟ್ಟೆಯಂತೂ ಹೊಸದಾಗಿರಕೂಡದು. ಗಟ್ಟಿಮುಟ್ಟಾಗಿ ಬೆಳೆಯುತ್ತಿರುವ ಬೇರೆ ಮನೆಯ ಮಗುವಿನದನ್ನು ಎರವಲು ತಂದು ಹಾಕಬೇಕು, ಆಗ ದೃಷ್ಟಿ ತಾಕುವುದಿಲ್ಲ. ಈ ವಿಷಯದಲ್ಲಿ ನಮ್ಮ ಅತ್ತೆಯದೂ ಅವರದೂ ಒಂದೇ ಶಾಸ್ತ್ರ.

ನನ್ನ ಮೊದಲ ಬಸಿರಿನಲ್ಲಿ ನಮ್ಮಮ್ಮ ಆಸೆ ತಡೆಯಲಾರದೆ ತೊಟ್ಟಿಲು ತಂದು ಇಳಿಸಿದ್ದರು. ಆ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು, ಅಳಲಿಲ್ಲ. ತೊಟ್ಟಿಲು ಅಟ್ಟ ಸೇರಿತು. ಎರಡನೆಯ ಸಲ ಬಸಿರಾದಾಗ ಡಾಕ್ಟರು ಮಲಗಿಯೇ ಇರಬೇಕು ಎಂದರು. ನನ್ನ ಗಂಡನಿಗೆ ಪಿರಿಯಾಪಟ್ಟಣದಲ್ಲಿ ಬೀಜ ಗೊಬ್ಬರದ ಅಂಗಡಿ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ನಡುಮನೆಯ ಮಂಚದಲ್ಲಿ ನಾನು, ನನ್ನೆದುರು ಟಿ.ವಿ. ಸಂಜೆಯಾದರೆ ಖಾಲಾ ಕೈಹೊಲಿಗೆ ತೆಗೆದುಕೊಂಡು ಬಂದು ಮಂಚದ ಕೆಳಗೆ ಕೂರುತ್ತಿದ್ದರು.

ಆಗ ಒಂದು ಆಸ್ಪತ್ರೆ ಧಾರಾವಾಹಿ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಅವರಿಗೂ ಒಂದು ಮಗು ಹೋಗಿ, ಇನ್ನೊಂದು ಹೊಟ್ಟೆಯಲ್ಲಿತ್ತು. ಊರಿಗೆಲ್ಲ ಹೆರಿಗೆ ಮಾಡಿಸುವ ಆಕೆ ತನ್ನ ಹೆರಿಗೆಗೆ ಹೆದರುತ್ತಿದ್ದಳು. ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ಮಗು ಬದುಕಿದರೆ ನನ್ನದೂ ಬದುಕುತ್ತದೆ ಎಂದು ಮನಸ್ಸು ಗಂಟು ಹಾಕಿಕೊಂಡುಬಿಟ್ಟಿತ್ತು. ಧಾರಾವಾಹಿಯ ಅತ್ತೆ ಮಗುವಿನ ಕೋಣೆಗೆ ಬಣ್ಣ ಹೊಡೆಸಿ ಬೊಂಬೆ ತೂಗುಹಾಕಿದಾಗ ಖಾಲಾ ಟಿ.ವಿ.ಗೇ ಬೈದರು. ಅಷ್ಟು ಓದಿದವರ ಮನೆಯಲ್ಲಿ ಬುದ್ಧಿ ಹೇಳುವ ಒಂದು ಹೆಂಗಸೂ ಇಲ್ಲವೇ ಎಂದು ಅವರಿಗೆ ಸಂಕಟ.

ಸೀಸನ್ನಿನ ಕೊನೆಯ ಕಂತಿನಲ್ಲಿ ಹೆರಿಗೆಯಾಯಿತು. ಗಂಡನೇ ಮಗುವನ್ನು ಎತ್ತಿಕೊಂಡ. ಆಕೆ ಮಲಗಿದಲ್ಲಿಂದಲೇ ಮಗು ಯಾಕೆ ಅಳುತ್ತಿಲ್ಲ ಎಂದು ಕೇಳಿದಳು. ಅಷ್ಟೇ. ತೆರೆ ಕಪ್ಪಾಗಿ, ಮುಂದಿನದು ಮುಂದಿನ ಸೀಸನ್ನಿನಲ್ಲಿ ಎಂದು ಅಕ್ಷರ ಬಂತು. ನಮ್ಮ ಅತ್ತೆ ಗಡಬಡಿಸಿ ಎದ್ದು ಟಿ.ವಿ. ಆರಿಸಿದರು. ನಾನು ಎರಡೂ ಕೈಯಲ್ಲಿ ಹೊಟ್ಟೆಯನ್ನು ಅವುಚಿಕೊಂಡಿದ್ದೆ. ಖಾಲಾ ಅದನ್ನು ನೋಡಿದರು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ಹೋದರು.

ಮಾರನೆಯ ದಿನ ಬೆಳಿಗ್ಗೆಯೇ ಬಂದು ಅತ್ತೆಯ ಹತ್ತಿರ ಒಂದು ಹಳೆಯ ನೂಲಿನ ಸೀರೆ ಕೇಳಿದರು. ಒಗೆದು ಒಗೆದು ಮೆತ್ತಗಾದದ್ದೇ ಬೇಕೆಂದರು. ನನ್ನ ಕಣ್ಣೆದುರಿಗೇ ಅದನ್ನು ಹಾಸಿ, ಗೇಣು ಹಾಕಿ, ಬಿಸ್ಮಿಲ್ಲಾ ಎಂದು ಕತ್ತರಿ ಇಟ್ಟರು. ಮಗುವಿನ ಜಬ್ಲದ ಅಳತೆ ಎಂದು ತಿಳಿಯುತ್ತಲೇ ಅತ್ತೆ ಬೆಚ್ಚಿಬಿದ್ದರು. ಇದೇನು ಖಾಲಾ, ನೀವೇ ಹೀಗೆ ಮಾಡುವುದೇ ಎಂದು ಕೈ ಹಿಡಿದುಕೊಂಡರು.

“ಇದು ನಿಮ್ಮ ಮಗೀಗಲ್ಲ ಕಣ್ರವ್ವ. ಟೀವಿ ಮಗೀಗೆ. ಅದು ನೆನ್ನೇನೇ ಉಟ್ತಲ್ಲ” ಎಂದರು ಖಾಲಾ.

ಅದು ಅಳಲಿಲ್ಲವಲ್ಲ ಎಂದೆ ನಾನು.

“ನಾವು ಟೀವಿ ಬ್ಯಾಗ ಆರುಸ್ಬುಟ್ಟೊ ಕಣವ್ವ. ಆಮ್ಯಾಕೆ ಅತ್ತದೆ.”

ಹುಕ್ಕೊಂದು ಬಾಕಿ ಎನ್ನುವಾಗಿನ ಅದೇ ಮುಖ. ರೆಪ್ಪೆ ಕೂಡ ಬಡಿಯಲಿಲ್ಲ. ಅದು ಸುಳ್ಳೆಂದು ನನಗೂ ಗೊತ್ತು, ಅತ್ತೆಗೂ ಗೊತ್ತು. ಆದರೂ ಅತ್ತೆ ಮೆಲ್ಲಗೆ ಕೈ ಬಿಟ್ಟರು. ನಾನು ಆ ಬೆಳಿಗ್ಗೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದೆ.

ಆಮೇಲೆ ಆ ಟಿ.ವಿ. ಮಗುವಿನ ಸುದ್ದಿ ದಿನಾ ಬರತೊಡಗಿತು. ಹಾಲು ಕುಡಿಯುತ್ತಿದೆ, ತೂಕ ಬಂದಿದೆ, ಅಪ್ಪನಂತೆ ಮೂಗು ಎಂದು ಖಾಲಾ ಹೊಲಿಯುತ್ತ ಹೇಳುವರು. ಗಲಾಟೆಯ ಮಗುವೋ ಹೇಗೆ ಎಂದು ಅತ್ತೆ ಹುರಿಗಡಲೆ ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಕೇಳುವರು. ನಗಬಾರದೆಂದು ನಾನು ಗೋಡೆ ಕಡೆ ತಿರುಗುತ್ತಿದ್ದೆ.

ನನ್ನ ಮಗಳು ದಿನ ತುಂಬುವ ಮೊದಲೇ ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದಳು. ಅತ್ತಳು. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇದ್ದು ಮನೆಗೆ ಬಂದಾಗ ಅಂಗೈ ಮೇಲೆ ಹಿಡಿಯುವಷ್ಟಿದ್ದಳು. ಕಾರು ನಿಲ್ಲುವಾಗ ಖಾಲಾ ಜಬ್ಲ ಮಡಿಸಿ ಹಿಡಿದು ನಮ್ಮ ಹೊಸಿಲ ಪಕ್ಕದಲ್ಲಿ ನಿಂತಿದ್ದರು.

“ಡಾಕ್ಟ್ರಮ್ಮನ ಮಗೀದು. ಎರವಲು ಕೇಳ್ಕಂಡು ತಂದಿವ್ನಿ. ಒಗ್ದು ವಾಪಸ್ ಕೊಡ್ಬೇಕು” ಎಂದರು. ಮಗಳಿಗೆ ಅದು ಕಾಲು ಮುಚ್ಚಿ ಜೋತಾಡುತ್ತಿತ್ತು. ಖಾಲಾ ತೋಳಿನ ಹತ್ತಿರ ಒಂದು ಮಡಿಕೆ ಹಾಕಿ ಹೊಲಿದು, ಮಗುವಿನ ಕಡೆ ಬಗ್ಗಿ, ದಾರ ಕಡಿದರು. ಆ ಹೊತ್ತಿಗೆ ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಆ ಜಬ್ಲ ಆಮೇಲೆ ಬೀದಿಯ ಎಷ್ಟೋ ಮನೆಗೆ ಹೋಗಿ ಬಂತು. ಯಾರಿಗೆ ಕೊಟ್ಟರೂ ಖಾಲಾ ಟೀವಿ ಡಾಕ್ಟರಮ್ಮನ ಮಗುವಿನದು ಎಂಬ ಅದೇ ಮಾತು ಹೇಳಿ ಕೊಡುತ್ತಿದ್ದರು.

ಮಗಳು ಓಡಾಡುವ ಹೊತ್ತಿಗೆ, ಒಂದು ಚಳಿಗಾಲದಲ್ಲಿ, ಖಾಲಾ ಎದೆನೋವೆಂದು ಆಸ್ಪತ್ರೆಗೆ ಹೋದವರು ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅವರ ಗಂಡ ಹೊಲಿಯಲು ಕೊಟ್ಟವರ ಬಟ್ಟೆಗಳನ್ನು ಹುಡುಕಿ ಹಿಂದಿರುಗಿಸಿದರು. ನನ್ನದೊಂದು ನೀಲಿ ಬ್ಲೌಸ್ ಪೀಸು ಇತ್ತು. ಹಿಂದಿನ ವಾರವಷ್ಟೇ ಹುಕ್ಕೊಂದು ಬಾಕಿ ಎಂದಿದ್ದರು. ಅಂಗಡಿಯವನು ಮಡಿಸಿದ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಾಗಿಲ್ಲ.

ಅದಾದ ಮೇಲೆ ಧಾರಾವಾಹಿಯ ಎರಡನೆಯ ಸೀಸನ್ ಶುರುವಾಯಿತು. ಮೊದಲ ಕಂತಿನಲ್ಲೇ ಆ ಡಾಕ್ಟರಮ್ಮ ಬಣ್ಣ ಹೊಡೆಸಿದ್ದ ಕೋಣೆಗೆ ಬೀಗ ಹಾಕುತ್ತಿದ್ದಳು. ಮಗು ಅಳಲೇ ಇಲ್ಲವಂತೆ. ನನಗೆ ಅಳು ಬಂತು. ಆ ಮಗುವಿಗಾಗಿ ಅಲ್ಲ, ಕಥೆ ಬರೆದವನನ್ನು ಬಾಯಿತುಂಬ ಬೈಯಲು ಖಾಲಾ ಇಲ್ಲವಲ್ಲ ಎಂದು.

ಮೊನ್ನೆ ಹಿಂದಿನ ಬೀದಿಯ ಹೂವಿನವಳು ಬಂದಿದ್ದಳು. ಅವಳ ಮಗಳಿಗೆ ಹೆರಿಗೆಯಾಗಿದೆ, ಮಗು ತೀರ ಸಣ್ಣದು. ಖಾಲಾ ಹೋದ ಮೇಲೆ ನನ್ನ ಹತ್ತಿರವೇ ಉಳಿದಿದ್ದ ಜಬ್ಲ ಕೇಳಲು ಬಂದವಳು, ನಾನು ತಂದುಕೊಟ್ಟರೂ ಕೈ ಚಾಚಲಿಲ್ಲ. ಸೆರಗು ಹಿಂಡುತ್ತ ನಿಂತಳು.

“ಸೀರಿಯಲ್‌ನಾಗೆ ಆ ಮಗ ಓಗ್ಬುಡ್ತಂತಲ್ಲ ಕಣಕ್ಕ. ಅದರ ಬಟ್ಟೆ ಎಂಗೆ ಆಕೋದು?”

ನಾನು ನನ್ನ ಮಗಳನ್ನು ಕೂಗಿದೆ. ಹಿತ್ತಿಲಿನಿಂದ ಮಂಡಿಯವರೆಗೆ ಮಣ್ಣು ಮಾಡಿಕೊಂಡು, ಅರ್ಧ ತಿಂದ ಸೀಬೆಹಣ್ಣು ಹಿಡಿದು ಓಡಿಬಂದಳು. ಅವಳನ್ನು ಹೂವಿನವಳ ಮುಂದೆ ನಿಲ್ಲಿಸಿದೆ.

“ನೀವು ಟೀವಿ ಬೇಗ ಆರಿಸಿಬಿಟ್ರಿ ಕಣವ್ವ” ಎಂದೆ. “ಆ ಮಗು ಇಲ್ಲೈತೆ ನೋಡಿ.”

ಹೂವಿನವಳು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನೋಡಿ, ಎರಡೂ ಕೈ ಚಾಚಿ ಜಬ್ಲ ತೆಗೆದುಕೊಂಡಳು. ಒಗೆದು ವಾಪಸ್ ಕೊಡಬೇಕು ಎಂದು ಹೇಳಿ ಕಳಿಸಿದೆ.