ದಿಮ್ಮಿ ಮನೆಯಲ್ಲಿ ಅತ್ತೆಯ ಜೊತೆ

ಶನಿವಾರ ಬೆಳಗ್ಗೆ ತುಮಕೂರಿನಲ್ಲಿ ಕುಣಿಗಲ್ ಬಸ್ಸು ಹತ್ತಿದಾಗ ಕಂಡಕ್ಟರ್ ನಮ್ಮಿಬ್ಬರಿಗೂ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟರು. ಪಕ್ಕದಲ್ಲಿ ಕೂತಿದ್ದವರು ನನ್ನ ಅತ್ತೆ ಗಂಗಮ್ಮ. ಗುಬ್ಬಿ ಕಡೆಯ ತೆಂಗಿನ ತೋಟದವರು. ಐದು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗಿನಿಂದ ಉಪ್ಪಾರಹಳ್ಳಿಯ ಮನೆಯಲ್ಲಿ ನಾವಿಬ್ಬರೇ. ಮದುವೆ, ತಿಥಿ, ಮಠ ಬಿಟ್ಟರೆ ಜೊತೆಯಾಗಿ ಎಲ್ಲಿಗೂ ಹೋದವರಲ್ಲ. ಬೆಟ್ಟದ ಮೇಲಿನ ಮರದ ಮನೆಯಲ್ಲಿ ಎರಡು ದಿನ ಇದ್ದು ಬರೋಣ ಎಂದು ನಾನು ಹೊರಡಿಸಿದ್ದಕ್ಕೆ ಕಾರಣವಿತ್ತು. ಕೋರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಲೋಕೇಶ್, ಮದುವೆಯಾಗೋಣವೇ ಎಂದು ಕೇಳಿದ್ದರು. ನಾನು ಹೂಂ ಅಂದಿದ್ದೆ. ಅತ್ತೆಗೆ ಹೇಳಬೇಕಿತ್ತು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ.

ಕುಣಿಗಲ್‌ನಲ್ಲಿ ತಟ್ಟೆ ಇಡ್ಲಿ ತಿಂದು ಹುಲಿಯೂರುದುರ್ಗದ ಬಸ್ಸು ಹಿಡಿದೆವು. ರಾಗಿ ಕೊಯ್ಲು ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ದುರ್ಗದಲ್ಲಿ ಮರದ ಮನೆಗಳನ್ನು ನೋಡಿಕೊಳ್ಳುವ ಶಿವಣ್ಣ ಜೀಪ್ ತಂದು ಕಾಯುತ್ತಿದ್ದರು. ಸ್ವಲ್ಪ ದೂರಕ್ಕೆ ಟಾರು ಮುಗಿದು ಬಂಡೆಗಳ ನಡುವೆ ಕುಲುಕಾಟ ಶುರುವಾಯಿತು.

"ಇದ್ಯಾವ ಕಾಡಿಗೆ ಹೊಡ್ಕೊಂಡ್ ಹೋಗ್ತಿದೀಯಪ್ಪ?" ಎಂದು ಅತ್ತೆ ಕೇಳಿದರು.

"ಬನ್ರವ್ವ, ಒಂದ್ಸಲ ನೋಡುದ್ರೆ ವಾಪಸ್ ಹೋಗಕಿಲ್ಲ ಅಂತೀರ" ಎಂದರು ಶಿವಣ್ಣ.

ಅವರು ಹೇಳಿದ್ದು ಸುಳ್ಳಲ್ಲ. ಇದ್ದದ್ದು ಮೂರೇ ಮನೆ, ಒಂದಕ್ಕೊಂದು ಕಾಣುವುದಿಲ್ಲ. ನಮ್ಮದು ಹೆಬ್ಬಂಡೆಯೊಂದರ ಮಗ್ಗುಲಿಗಿತ್ತು. ನೀಲಗಿರಿ ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು ಮೆತ್ತಿದ್ದರು. ಒಳಗೆ ಕಾಲಿಟ್ಟೊಡನೆ ಆಗಷ್ಟೇ ಸೀಳಿದ ಸೌದೆಯ ವಾಸನೆ. ಎರಡು ಮಂಚ, ಮೂಲೆಯಲ್ಲೊಂದು ಒಲೆ, ಮುಂದೆ ದಪ್ಪ ಹಲಗೆಯ ಜಗಲಿ. ಜಗಲಿಯ ಬುಡದಿಂದಲೇ ಕುರುಚಲು ಕಾಡು. ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಸಂಜೆ ಬಿಸಿಲು ಬಿದ್ದಾಗ ಆ ಬಂಡೆಗಳೆಲ್ಲ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿದವು. ಅತ್ತೆ ದಿಮ್ಮಿಯ ಮೇಲೆ ಅಂಗೈ ಆಡಿಸುತ್ತ, "ನಮ್ ತೋಟದ್ ಮನೆಗಿಂತ ಗಟ್ಟಿ ಕಟ್ಟವ್ರೆ ಕಣೇ" ಅಂದರು. ಎಷ್ಟೋ ಕಾಲದ ಮೇಲೆ ಅವರ ಮುಖ ಹಗುರಾಗಿತ್ತು. ಕೆಡಿಸಲು ಮನಸ್ಸಾಗಲಿಲ್ಲ.

ಮರುದಿನ ಬೆಳಗ್ಗೆ ಕೊರೆಯುವ ಚಳಿ. ಅತ್ತೆ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಲಿಂಗಪೂಜೆ ಮುಗಿಸಿ ಏಳುತ್ತಿದ್ದರು. ಕೆಳಗೇನೋ ಬುಸುಗುಟ್ಟಿತು. ಬಗ್ಗಿ ನೋಡಿದರೆ, ಹಾದಿ ಪಕ್ಕದ ಹುತ್ತವನ್ನು ಕರಡಿಯೊಂದು ಕೆದಕುತ್ತಿದೆ! ಅತ್ತೆಯ ರಟ್ಟೆ ಹಿಡಿದು ಒಳಗೆಳೆದುಕೊಂಡು ಅಗುಳಿ ಹಾಕಿ ಶಿವಣ್ಣನಿಗೆ ಫೋನ್ ಮಾಡಿದೆ.

"ಹೊರಗ್ ಬರ್ಬೇಡಿ ಕಣಕ್ಕ. ಹೊಟ್ಟೆ ತುಂಬುದ್ ಮೇಲೆ ಅದೇ ಹೋಯ್ತದೆ, ಬುಡಿ" ಎಂದರು.

ಕಿಟಕಿಯ ಸಂದಿಯಿಂದ ಇಬ್ಬರೂ ನೋಡಿದೆವು. ಹುತ್ತಕ್ಕೆ ಮೂತಿಯಿಟ್ಟು ಮೊದಲು ಜೋರಾಗಿ ಊದುತ್ತಿತ್ತು; ಧೂಳು ಹಾರಿದ ಮೇಲೆ ಗೆದ್ದಲನ್ನು ಸೊರ್ರೆಂದು ಹೀರುತ್ತಿತ್ತು. ಆ ಕಪ್ಪು ಕೂದಲಿನ ಮೇಲೆ ಎಳೆ ಬಿಸಿಲು ಹೊಳೆಯುತ್ತಿತ್ತು. ಕಾಡುಪ್ರಾಣಿಯೊಂದು ಅಷ್ಟು ಹತ್ತಿರದಲ್ಲಿ, ಅಷ್ಟು ನೆಮ್ಮದಿಯಿಂದ ತಿನ್ನುವುದನ್ನು ನಾನು ಎಂದೂ ನೋಡಿರಲಿಲ್ಲ. ಭಯ ಇಳಿದು ಇಬ್ಬರಿಗೂ ನಗು ಬಂತು. ಅತ್ತೆಯ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಎದ್ದು ಹೋಗೋಣವೆಂದರೆ ಹೋಗುವಂತಿಲ್ಲ. ಲೋಕೇಶ್ ವಿಷಯ ಹೇಳಿಬಿಟ್ಟೆ.

ಅವರು ಕೈ ಬಿಡಿಸಿಕೊಂಡರು. ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತರು. ಹೊರಗೆ ಕರಡಿ ಹೀರುತ್ತಲೇ ಇತ್ತು.

"ನನ್ ಮಗನ್ನ ಮರ್ತ್‌ಬಿಟ್ಯಾ?" ಎಂದರು ಕೊನೆಗೆ.

"ಇಲ್ಲ ಅತ್ತೆ. ಮರೆಯಕ್ಕಾಗಲ್ಲ."

"ಇನ್ ನನ್ನ ಗುಬ್ಬಿಗೆ ಕಳಿಸ್ತೀಯ. ನನ್ ಮೈದುನನ ಮನೆಗೆ."

"ನೀವಿರೋ ಮನೆಗೇ ಅವ್ರು ಬರ್ತಾರೆ. ಅದಕ್ಕೆ ಒಪ್ಪಿದ್ ಮೇಲೇನೇ ನಾನು ಹೂಂ ಅಂದಿದ್ದು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಕರಡಿ ಹೋದದ್ದೇ ನಮಗೆ ತಿಳಿಯಲಿಲ್ಲ. ಶಿವಣ್ಣ ಬಾಗಿಲು ಬಡಿದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಅತ್ತೆ ತಟ್ಟೆ ಮುಟ್ಟಲಿಲ್ಲ. ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಒಬ್ಬರೇ ಕೂತು ಬೆಟ್ಟ ನೋಡಿದರು. ಗಾಳಿ ಬೀಸಿದಾಗ ಒಣಹುಲ್ಲು ಸರಸರ ಅನ್ನುವುದು, ಎಲ್ಲೋ ನವಿಲು ಕೂಗುವುದು, ಬಿಟ್ಟರೆ ಸದ್ದಿಲ್ಲ. ಹೊತ್ತು ಇಳಿದ ಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಇಲ್ಲಿ ಕೂತ್ರೆ ಎದೆ ನಿಸೂರಾಯ್ತದೆ ಕಣೇ" ಅಂದರು. ಅಷ್ಟೇ. ಆಮೇಲೆ ಆರಿದ ರೊಟ್ಟಿಯನ್ನೇ ಮುರಿದು ತಿಂದರು.

ಸೋಮವಾರ ಜೀಪ್ ಬೆಟ್ಟ ಇಳಿಯುವಾಗ ಅತ್ತೆ ತಿರುಗಿ ತಿರುಗಿ ನೋಡಿದರು. ಮನೆ ಆಗಲೇ ಬಂಡೆಯ ಹಿಂದೆ ಮರೆಯಾಗಿತ್ತು.

ಕುಣಿಗಲ್ ನಿಲ್ದಾಣದ ಬೆಂಚಿನ ಮೇಲೆ ತುಮಕೂರು ಬಸ್ಸಿಗೆ ಕಾಯುತ್ತಿದ್ದಾಗ, "ಆ ಮೇಷ್ಟ್ರಿಗೆ ಫೋನ್ ಮಾಡ್ಕೊಡು" ಎಂದರು. ನಂಬರ್ ಒತ್ತಿ ಫೋನ್ ಅವರ ಕೈಗಿಟ್ಟೆ.

"ನಾನು ಗಂಗಮ್ಮ, ಸುಮನ ಮನೆಯಿಂದ. ಭಾನುವಾರ ಮನೆಗ್ ಬನ್ನಿ. ಒಬ್ರೇ ಬರ್ಬೇಡಿ, ನಿಮ್ ಕಡೆ ದೊಡ್ಡೋರ್ನ ಕರ್ಕೊಂಡ್ ಬನ್ನಿ."

ಆ ಕಡೆಯಿಂದ ಲೋಕೇಶ್ ಏನೋ ಕೇಳಿದರು. ಅತ್ತೆ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

"ಹೆಣ್ಣಿನ್ ಕಡೆಯೋರಾ? ಇದೀನಲ್ಲ ನಾನು."