ಪಾರ್ಕಿಂಗ್ ಜಾಗಕ್ಕೊಂದು ಮೋಟಾರ್ ಬೋಟು

ಹೈದರಾಬಾದಿನ ಉಪ್ಪಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಪಾರ್ವತೆಮ್ಮನವರಿಗೆ ಹೆದರದೆ ಇದ್ದವರು ಇಬ್ಬರೇ. ಒಬ್ಬರು ಅವರ ಗಂಡ ಬಸವರಾಜಪ್ಪ, ಇನ್ನೊಬ್ಬರು ಅಸೋಸಿಯೇಷನ್ ಅಧ್ಯಕ್ಷ ನರ್ಸಿಂಗರಾವ್. ಗಂಡ ಹೆದರದಿದ್ದುದು ಬಹುಕಾಲದ ಸಹವಾಸದಿಂದ. ಅಧ್ಯಕ್ಷರು ಹೆದರದಿದ್ದುದು, ಪಾರ್ವತೆಮ್ಮ ನಿವೃತ್ತರಾಗುವ ಮುಂಚೆ ಏನು ಕೆಲಸ ಮಾಡುತ್ತಿದ್ದರೆಂದು ಅವರಿಗೆ ಗೊತ್ತಿಲ್ಲದ್ದರಿಂದ.

ಪಾರ್ವತೆಮ್ಮ ಕೇಂದ್ರ ಸರಕಾರದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದವರು. ಗುಂಡುಸೂಜಿಯಿಂದ ಕ್ರೇನಿನವರೆಗೆ ಯಾವುದನ್ನೇ ಆಗಲಿ, ಮೂರು ಕಡೆ ಕೊಟೇಶನ್ ತರಿಸದೆ ಕೊಂಡವರಲ್ಲ. ಆ ಅಭ್ಯಾಸ ಅವರ ಜೊತೆ ಮನೆಗೂ ಬಂದಿತ್ತು. ಮಗಳು ಮಾನಸಾಳ ಮದುವೆಗೆ ಓಲಗದವರನ್ನು ಗೊತ್ತುಮಾಡುವಾಗ ಮೂರು ತಂಡಗಳನ್ನು ಒಂದೇ ದಿನ ಮನೆಗೆ ಕರೆಸಿ, ಮೂವರಿಂದಲೂ ಒಂದೇ ರಾಗ ನುಡಿಸಿದ್ದರು. ಮದುವೆ ಇವತ್ತೇ ಇರಬೇಕು, ನಮ್ಮನ್ನು ಕರೆಯುವುದು ಮರೆತಿರಬೇಕು ಎಂದುಕೊಂಡ ಎದುರುಮನೆಯವರು ರೇಷ್ಮೆ ಸೀರೆ ಉಟ್ಟು, ಉಡುಗೊರೆ ಹಿಡಿದು ಬಂದುಬಿಟ್ಟಿದ್ದರು.

ಗಂಡ ಹೆಂಡತಿ ಇಬ್ಬರೂ ಕಲಬುರಗಿ ಕಡೆಯವರು. ಹೈದರಾಬಾದಿಗೆ ಬಂದು ತಲೆ ಹಣ್ಣಾಗಿತ್ತು. ಎಲ್ಲ ಸರಿಯಾಗಿಯೇ ನಡೆದಿತ್ತು, ಬಸವರಾಜಪ್ಪನವರ ಕಣ್ಣು ಕೈಕೊಡುವವರೆಗೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎರಡೂ ಬದಿಯ ನೋಟ ಮಸುಕಾಗಿತ್ತು. ಡಾಕ್ಟರು, ಇನ್ನು ಕಾರು ಮುಟ್ಟಬೇಡಿ ಎಂದರು. ಅವರು ಆಗಲಿ ಎಂದು ತಲೆಯಾಡಿಸಿ ಬಂದವರು, ಮರುವಾರವೇ ಟೈರಿಗೆ ಗಾಳಿ ತುಂಬಿಸಿಕೊಂಡು ಬರುತ್ತೇನೆಂದು ಹೊರಟು, ಬಾಳೆಹಣ್ಣಿನ ತಳ್ಳುಗಾಡಿಗೆ ಗುದ್ದಿ, ಗಾಡಿಯಲ್ಲಿದ್ದ ಹಣ್ಣನ್ನೆಲ್ಲ ಕೊಂಡು ಮನೆಗೆ ತಂದರು. ವಾರವಿಡೀ ಸೀಕರಣೆ ತಿಂದು ಸಾಕಾದ ಪಾರ್ವತೆಮ್ಮ ಕಾರನ್ನು ಮಾರಿಬಿಟ್ಟರು.

ಕಾರು ಹೋದರೂ ಬಸವರಾಜಪ್ಪ ಮುಂಜಾನೆ ಎದ್ದೊಡನೆ ಒರೆಸುವ ಬಟ್ಟೆ ಹಿಡಿದು ಸೆಲ್ಲಾರಿಗೆ, ಅಂದರೆ ನೆಲಮಾಳಿಗೆಯ ಪಾರ್ಕಿಂಗಿಗೆ, ಇಳಿಯುವುದನ್ನು ಬಿಡಲಿಲ್ಲ. ಖಾಲಿ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತು, ಕಂಬವನ್ನೊಮ್ಮೆ ಒರೆಸಿ ಮೇಲೆ ಬರುತ್ತಿದ್ದರು. ಹಾಲು ತರಲು ಇಳಿದಾಗಲೆಲ್ಲ ಪಾರ್ವತೆಮ್ಮ ಇದನ್ನು ನೋಡುತ್ತಿದ್ದರು. ಗಂಡ ಮೇಲೆ ಹೋದ ಮೇಲೆಯೇ ಹಾಲಿಗೆ ಹೊರಡುತ್ತಿದ್ದರು.

ಹೀಗಿರುವಾಗ ಲಿಫ್ಟಿನ ಪಕ್ಕ ಒಂದು ನೋಟೀಸು ಬಿತ್ತು. ಮೂರು ತಿಂಗಳು ಖಾಲಿ ಬಿದ್ದ ಪಾರ್ಕಿಂಗ್ ಜಾಗ ಅಸೋಸಿಯೇಷನ್ನಿಗೆ ಸೇರತಕ್ಕದ್ದು; ಉಳಿಸಿಕೊಳ್ಳುವವರು ಕುಟುಂಬದ ಸ್ವಂತದ್ದಾದ, ಚಾಲೂ ಇರುವ, ನಾಲ್ಕು ಮಂದಿ ಕೂರಬಹುದಾದ ಮೋಟಾರು ವಾಹನವನ್ನು ಅಲ್ಲಿ ನಿಲ್ಲಿಸತಕ್ಕದ್ದು. ಕೆಳಗೆ ನರ್ಸಿಂಗರಾವ್ ಸಹಿ. ಅವರ ಅಳಿಯ ಭಾನುವಾರಕ್ಕೊಮ್ಮೆ ದೊಡ್ಡ ಕಾರಿನಲ್ಲಿ ಊಟಕ್ಕೆ ಬರುತ್ತಿದ್ದ, ಅದಕ್ಕೆ ಜಾಗವಿರಲಿಲ್ಲ ಎಂಬುದು ವಾಚ್‌ಮನ್ನನಿಗೂ ಗೊತ್ತಿತ್ತು.

ಭಾನುವಾರ ನಗರದ ಇನ್ನೊಂದು ತುದಿಯ ಮಾದಾಪುರದಿಂದ ಮಾನಸಾ ಫೋನ್ ಮಾಡಿದಾಗ ತಾಯಿ ಇದನ್ನೇ ಹೇಳಿಕೊಂಡರು.

"ಒಂದು ಹಳೇ ಕಾರ್ ತಂದು ನಿಲ್ಲಸವ್ವಾ," ಎಂದಳು ಮಾನಸಾ.

"ಮನ್ಯಾಗ ಕಾರಿನ ಚಾವಿ ಇದ್ರ ನಿಮ್ಮಪ್ಪ ಸುಮ್ನ ಕುಂದ್ರತಾರೇನು? ಈ ಸಲ ಬಾಳೆಹಣ್ಣಿನ ಗಾಡಿ ಸಿಗಲಿಕ್ಕಿಲ್ಲ, ಮನಷಾರು ಸಿಕ್ಕಾರು."

"ಹಂಗಾರ ಹಡಗು ತಂದು ನಿಲ್ಲಸು. ಅಪ್ಪಗ ಅದನ್ನ ರಸ್ತೆ ಮ್ಯಾಲ ಹೊಡ್ಯಾಕ ಬರಂಗಿಲ್ಲ," ಎಂದು ಮಗಳು ನಕ್ಕಳು.

ಪಾರ್ವತೆಮ್ಮ ನಗಲಿಲ್ಲ. ನೋಟೀಸಿನ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡು ಕೇಳಿದರು: "ಮೋಟಾರ್ ಬೋಟಿನ್ಯಾಗ ನಾಕ್ ಮಂದಿ ಕುಂದ್ರತಾರ?"

ಆ ದಿನದಿಂದ ಅವರ ಖರೀದಿ ವಿಭಾಗ ಮತ್ತೆ ತೆರೆಯಿತು. ಕಾರು ಮಾರಿ ಬಂದ ದುಡ್ಡಿನೊಳಗೇ ಬೋಟು ಬರಬೇಕು, ಒಂದು ಪೈಸೆಯೂ ಹೆಚ್ಚು ಹೋಗಕೂಡದು. ಮೊದಲು ಅಳತೆಯ ಟೇಪು ಹಿಡಿದು ಮೆಟ್ರೋ ಹತ್ತಿ ದುರ್ಗಂ ಚೆರುವು ಎಂಬ ಕೆರೆಗೆ ಹೋದರು. ಅಲ್ಲಿ ದಡಕ್ಕೆ ಕಟ್ಟಿದ್ದ ಬೋಟುಗಳನ್ನು ಮೂತಿಯಿಂದ ಬಾಲದವರೆಗೆ ಅಳೆದರು. ಯಾರೋ ಸರಕಾರಿ ತಪಾಸಣೆಗೆ ಬಂದಿದ್ದಾರೆಂದುಕೊಂಡ ಸಿಬ್ಬಂದಿ ಗಡಿಬಿಡಿಯಿಂದ ಪ್ರವಾಸಿಗರಿಗೆಲ್ಲ ಲೈಫ್ ಜಾಕೆಟ್ ತೊಡಿಸಿದರು. ದಡದಲ್ಲಿ ಜೋಳದ ತೆನೆ ಸುಡುತ್ತಿದ್ದವನಿಗೂ ಒಂದು ತೊಡಿಸಿದರು.

ಆಮೇಲೆ ಮೂರು ಬೋಟು ಗೊತ್ತಾದವು. ಮೊದಲನೆಯದು ಊರಾಚೆ ಮುಚ್ಚಿಹೋದ ಒಂದು ರೆಸಾರ್ಟಿನದು. ಗಟ್ಟಿಮುಟ್ಟಾಗಿತ್ತು, ಬೆಲೆಯೂ ಸರಿಯಿತ್ತು. ಆದರೆ ಮೂತಿ ಉದ್ದ. ಸೆಲ್ಲಾರಿನಲ್ಲಿ ನಿಲ್ಲಿಸಿದರೆ ಎದುರಿನ ಕಾರಿನ ಗಾಜಿನೊಳಗೆ ಇಣುಕುತ್ತಿತ್ತು. ಎರಡನೆಯದು ಗಾಳಿ ತುಂಬುವ ರಬ್ಬರ್ ಬೋಟು, ಎಲ್ಲಕ್ಕಿಂತ ಅಗ್ಗ. ಬಸವರಾಜಪ್ಪ ಅದನ್ನೇ ತರೋಣ, ಬೇಡವಾದಾಗ ಮಡಚಿ ಅಟ್ಟದ ಮೇಲೆ ಇಡಬಹುದು ಎಂದರು.

"ಬ್ಯಾಡ್ರಿ," ಎಂದರು ಪಾರ್ವತೆಮ್ಮ. "ನರ್ಸಿಂಗರಾವ್ ಒಂದು ಗುಂಡುಸೂಜಿ ತಂದ್ರ ಮುಗೀತು, ಬೋಟೂ ಹೋತು, ಪಾರ್ಕಿಂಗೂ ಹೋತು."

"ಏ ಪಾರ್ವತಿ, ನಿನಗ ಹುಚ್ಚು ಹಿಡದೈತಿ ನೋಡು."

"ಹಿಡೀಲಿ. ನಾಳೆ ಸನತ್‌ನಗರಕ್ಕ ಹೋಗೂದೈತಿ, ತಯಾರಾಗ್ರಿ."

ಮೂರನೆಯ ಬೋಟು ಇದ್ದದ್ದು ಸನತ್‌ನಗರದಲ್ಲಿ. ಅಲ್ಲಿ ಫೈಬರಿನ ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ, ಹಂಸದ ಆಕಾರದ ತುಳಿಯುವ ದೋಣಿ ಮಾಡುವ ಒಂದು ಸಣ್ಣ ಕಾರ್ಖಾನೆಯಿತ್ತು. ಮಾಲೀಕ ಕಾಶಿನಾಥ ಬೀದರಿನವನು. ತೆಲುಗಿನಲ್ಲಿ ಶುರುವಾದ ಮಾತು ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ತಿರುಗಿತು.

"ಬರ್ರಿ ಅಕ್ಕಾರ, ಕುಂದರ್ರಿ. ಯಾವ ಕೆರಿಗ್ರಿ ಬೋಟು?"

"ಕೆರಿಗಲ್ರಿ, ಸೆಲ್ಲಾರಿಗೆ."

ಕಾಶಿನಾಥನ ಮುಖದಲ್ಲಿ ಕನಿಕರ ಮೂಡಿತು. "ಮಳಿಗಾಲದಾಗ ನೀರು ಭಾಳ ನುಗ್ಗತೈತೇನ್ರಿ?"

"ಒಂದ್ ಹನಿ ನಿಂದ್ರಂಗಿಲ್ಲ. ಪಂಪ್ ಐತಿ."

"ಮತ್ತ ಬೋಟ್ ಯಾಕ್ರಿ?"

"ನಿಂದ್ರಸಾಕ."

ಕಾಶಿನಾಥ ಬಸವರಾಜಪ್ಪನವರ ಮುಖ ನೋಡಿದ. ಬಸವರಾಜಪ್ಪ ಸೂರು ನೋಡಿದರು. ಕೊನೆಗೆ ವ್ಯಾಪಾರ ವ್ಯಾಪಾರವೇ ಎಂದುಕೊಂಡು ಅವನು ಹಿಂದಿನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ಯಾರೋ ಮುಂಗಡ ಕೊಟ್ಟು ಒಯ್ಯದೇ ಬಿಟ್ಟ ಐದು ಸೀಟಿನ ಬೋಟೊಂದಿತ್ತು. ಅಲೆಗೆ ಹೇಗೆ ನಿಲ್ಲುತ್ತದೆ, ಎಷ್ಟು ವೇಗ ಹೋಗುತ್ತದೆ ಎಂದು ಅವನು ಹೇಳುತ್ತಲೇ ಇದ್ದ. ಪಾರ್ವತೆಮ್ಮ ಕೇಳಿದ್ದು ಬೇರೆ: ಧೂಳು ಕೂತರೆ ಕಾಣುತ್ತದೆಯೇ, ಇಲಿ ಕಡಿಯುತ್ತದೆಯೇ, ಗಾಲಿಯ ಸ್ಟ್ಯಾಂಡಿನ ಮೇಲಿಟ್ಟರೆ ಸೆಲ್ಲಾರಿನ ತೊಲೆಗೆ ತಾಗುತ್ತದೆಯೇ.

ಅವರಿಬ್ಬರೂ ಹೀಗೆ ಚೌಕಾಸಿ ಮಾಡುತ್ತಿರುವಾಗ ಬಸವರಾಜಪ್ಪ ಯಾರಿಗೂ ಹೇಳದೆ ಬೋಟಿನೊಳಗೆ ಹತ್ತಿ ಕೂತಿದ್ದರು. ಸ್ಟೇರಿಂಗ್ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಹೆಬ್ಬೆರಳಿನಿಂದ ಏನನ್ನೋ ತಡಕಾಡಿದರು.

"ಹಾರ್ನ್ ಇಲ್ಲೇನ್ರಿ ಇದಕ?"

"ನೀರಾಗ ಯಾರಿಗ್ರಿ ಹಾರ್ನ್ ಹೊಡೀತೀರಿ ಅಪ್ಪಾರ?"

"ಇರಲಿ, ಒಂದ್ ಹಾಕ್ರಿ."

ಪಾರ್ವತೆಮ್ಮ ಮಾತು ನಿಲ್ಲಿಸಿ ಗಂಡನ ಕಡೆ ತಿರುಗಿದರು. ಕಾರು ಹೋದ ಮೇಲೆ ಆ ಮನುಷ್ಯ ತನಗಾಗಿ ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು. ಪಾರ್ವತೆಮ್ಮ ಬೋಟಿನ ಮೇಲಿನ ಚಾವಣಿ ಬೇಡವೆಂದರು, ದೀಪ ಬೇಡವೆಂದರು, ಎರಡನೇ ಸಲದ ಬಣ್ಣ ಬೇಡವೆಂದರು. ಎಂಜಿನ್ ಹೊಸದು ಬೇಡ, ಯಾವುದೋ ಹಳೇ ಪ್ರವಾಸಿ ಬೋಟಿನದೇ ಸಾಕೆಂದರು. ಹೀಗೆ ಎಲ್ಲವನ್ನೂ ಕತ್ತರಿಸಿ ಕತ್ತರಿಸಿ ಬೆಲೆಯನ್ನು ಇದ್ದ ದುಡ್ಡಿಗೆ ಸರಿಯಾಗಿ ಕೂರಿಸಿದ ಮೇಲೆ, "ಹಾರ್ನ್ ಮಾತ್ರ ಛಲೋದು ಹಾಕ್ರಿ, ಅದರ ರೊಕ್ಕ ಬ್ಯಾರೇ ಕೊಡ್ತೀನಿ" ಎಂದರು. ಅವರ ಜೀವಮಾನದಲ್ಲಿ ಬಜೆಟ್ ಮೀರಿದ ಖರೀದಿ ಅದೊಂದೇ.

ಬೋಟು ಲಾರಿಯಲ್ಲಿ ಬಂತು. ಹುಡುಗರು, ಹೆಂಗಸರು, ಇಸ್ತ್ರಿಯವನು, ಎಲ್ಲರೂ ಸೇರಿ ತಳ್ಳಿ ಸೆಲ್ಲಾರಿಗೆ ಇಳಿಸಿದರು. ಸಂಜೆಯಾಗುವಷ್ಟರಲ್ಲಿ ನರ್ಸಿಂಗರಾವ್ ಕಮಿಟಿಯವರನ್ನು ಕರೆದುಕೊಂಡು ಬಂದರು.

"ಏಂದಮ್ಮಾ ಇದಿ? ಇದಿ ಪಡವ ಕದಾ!" ಇದೇನಮ್ಮಾ, ಇದು ದೋಣಿಯಲ್ಲವೇ ಎಂದು ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಪಾರ್ವತೆಮ್ಮ ಬಲು ಮೃದುವಾದ ತೆಲುಗಿನಲ್ಲಿ ಉತ್ತರ ಕೊಟ್ಟರು. ನಿಮ್ಮ ನೋಟೀಸಿನಲ್ಲಿ ಕುಟುಂಬದ್ದು ಎಂದಿದೆ, ಇದು ನಮ್ಮ ಕುಟುಂಬದ್ದು. ನಾಲ್ಕು ಮಂದಿ ಎಂದಿದೆ, ಐದು ಮಂದಿ ಕೂರಬಹುದು. ಮೋಟಾರು ಎಂದಿದೆ, ಹಿಂದೆ ಮೋಟಾರು ತೂಗುತ್ತಿದೆ. ರಸ್ತೆಯ ಮೇಲೆ ಓಡುವಂಥದ್ದು ಎಂದು ನೀವು ಎಲ್ಲೂ ಬರೆದಿಲ್ಲ. ಖರೀದಿ ವಿಭಾಗದಲ್ಲಿ ಕಂಟ್ರಾಕ್ಟುದಾರರಿಗೆ ನೀರು ಕುಡಿಸುತ್ತಿದ್ದುದು ಇದೇ ದನಿಯಲ್ಲಿ. ಕಮಿಟಿಯವರಲ್ಲೊಬ್ಬರು ಲಿಫ್ಟಿನ ಬಳಿ ಹೋಗಿ ನೋಟೀಸನ್ನು ಇನ್ನೊಮ್ಮೆ ಓದಿ ಬಂದರು.

"ಚಾಲೂ ಇದೆಯೋ?" ಎಂದರು ನರ್ಸಿಂಗರಾವ್, ಕೊನೆಯ ಆಸೆಯಿಂದ.

ಕಾಶಿನಾಥ ಇದಕ್ಕೆ ದಾರಿ ಹೇಳಿಕೊಟ್ಟಿದ್ದ. ಎಂಜಿನ್ನಿನ ಕೆಳಗೆ ನೀರು ತುಂಬಿದ ಡ್ರಮ್ಮು ಇಟ್ಟು, ನೀರು ತಳ್ಳುವ ಪಂಖವನ್ನು ಅದರಲ್ಲಿ ಮುಳುಗಿಸಿದರು. ಬಸವರಾಜಪ್ಪ ಗಂಭೀರವಾಗಿ ಒಳಗೆ ಹತ್ತಿ ಕೂತು ಚಾವಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ಮುಲುಕಿತು, ಆಮೇಲೆ ಒಮ್ಮೆಲೇ ಸೆಲ್ಲಾರು ನಡುಗುವಂತೆ ಗರ್ಜಿಸಿತು. ಡ್ರಮ್ಮಿನ ನೀರೆಲ್ಲ ಎದ್ದು ಕಮಿಟಿಯ ಮೇಲೆ ಬಿತ್ತು. ನಿಂತಿದ್ದ ಕಾರುಗಳ ಅಲಾರಮ್ಮುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಆ ಗದ್ದಲದ ನಡುವೆ ಬಸವರಾಜಪ್ಪ ಹಾರ್ನ್ ಬಾರಿಸಿದರು. ಎದುರು ನಿಂತಿದ್ದ ನರ್ಸಿಂಗರಾವ್ ತಾವು ನಿಂತಿರುವುದು ಸಿಮೆಂಟಿನ ನೆಲದ ಮೇಲೆ ಎಂಬುದನ್ನೂ ಮರೆತು ಪಕ್ಕಕ್ಕೆ ಹಾರಿ ದಾರಿ ಬಿಟ್ಟರು.

ಜಾಗ ಉಳಿಯಿತು. ಸೋತ ಅಧ್ಯಕ್ಷರು ಸುಮ್ಮನೆ ಬಿಡಲಿಲ್ಲ. ಬೋಟಿನಲ್ಲಿ ಕೂರುವವರು ಲೈಫ್ ಜಾಕೆಟ್ ಧರಿಸತಕ್ಕದ್ದು ಎಂದು ಹೊಸ ನೋಟೀಸು ಹಾಕಿದರು. ಅದು ನ್ಯಾಯವಾದ ಮಾತೆಂದು ಪಾರ್ವತೆಮ್ಮನವರಿಗೂ ಅನ್ನಿಸಿತು, ತರಿಸಿಕೊಟ್ಟರು. ಅಂದಿನಿಂದ ಬಸವರಾಜಪ್ಪ ಬೆಳಗ್ಗೆ ಬೋಟು ಒರೆಸಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಅದರೊಳಗೆ ಕೂತು ಚಹಾ ಕುಡಿಯುತ್ತ ಪೇಪರ್ ಓದತೊಡಗಿದರು. ಆಫೀಸಿಗೆ ಹೊರಟವರು ಕಾರು ಹಿಂದೆ ತೆಗೆಯುವಾಗ ಅವರು ಕೈಮಾಡಿ ದಾರಿ ತೋರಿಸುವರು. ಬದಿಯ ನೋಟ ಮಸುಕಾದವರು ತೋರಿಸಿದ ದಾರಿಯಲ್ಲಿ ಒಂದೆರಡು ಕಾರು ಕಂಬಕ್ಕೆ ಉಜ್ಜಿದ್ದೂ ಉಂಟು. ಆದರೂ ಜನ ಅವರನ್ನು ಕ್ಯಾಪ್ಟನ್ ಎಂದೇ ಕರೆಯತೊಡಗಿದ್ದರಿಂದ ಯಾರೂ ಜಗಳಕ್ಕೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಎರಡನೇ ಮಹಡಿಯ ಅಹಲ್ಯಾಬಾಯಿ ಬಂದರು. ಗಂಡ ತೀರಿಕೊಂಡವರು, ರಾಯಚೂರಿನವರು. ಅಧ್ಯಕ್ಷರ ಕಣ್ಣು ಈಗ ಅವರ ಖಾಲಿ ಜಾಗದ ಮೇಲೆ ಬಿದ್ದಿತ್ತು.

"ಪಾರ್ವತೆಮ್ಮಾರ, ನನಗೂ ಒಂದು ಬೋಟ್ ನೋಡಿ ಕೊಡ್ರಿ. ಸಣ್ಣದಿದ್ರೂ ನಡೀತದ."

ಬಸವರಾಜಪ್ಪನವರೂ ಸೇರಿ ಮೂವರೂ ಸನತ್‌ನಗರಕ್ಕೆ ಹೋದರು. ಕಾಶಿನಾಥ ಈ ಸಲ ಬಾಗಿಲಿಗೇ ಬಂದು ಬರಮಾಡಿಕೊಂಡ. ಬೋಟಿನ ಸುದ್ದಿ ಕೇಳಿ ಬೇರೆ ಕಾಲೊನಿಗಳಿಂದಲೂ ಜನ ವಿಚಾರಿಸುತ್ತಿದ್ದರಂತೆ. ಹಾಗಾಗಿ ಅವನೊಂದು ಹೊಸ ಬಗೆಯದನ್ನೇ ತಯಾರಿಸಿದ್ದ. ಅದಕ್ಕೆ ಅಪಾರ್ಟ್‌ಮೆಂಟ್ ಮಾಡೆಲ್ ಎಂದು ಹೆಸರು. ತಳ ಕೊರೆದು ಗಾಲಿ ಕೂರಿಸಿತ್ತು, ನೀರಿನ ಬಾಟಲಿ ಇಡಲು ತೂತುಗಳಿದ್ದವು, ಬೆಲೆ ಅರ್ಧಕ್ಕರ್ಧ ಕಡಿಮೆ. ಅಹಲ್ಯಾಬಾಯಿಗೆ ನೋಡಿದೊಡನೆ ಹಿಡಿಸಿತು. ಪಾರ್ವತೆಮ್ಮ ಬಗ್ಗಿ ತಳವನ್ನು ಬೆರಳಿನಿಂದ ಬಡಿದು ನೋಡಿದರು.

"ಇದು ತೇಲತೈತೇನ್ರಿ?"

"ತೇಲಿ ಏನ್ ಮಾಡೂದೈತ್ರಿ ಅಕ್ಕಾರ? ಸೆಲ್ಲಾರಿನ್ಯಾಗ ನೀರಿಲ್ಲ ಅಂತ ನೀವಾ ಹೇಳೀರಿ."

ಪಾರ್ವತೆಮ್ಮನವರಿಗೆ ಸಿಟ್ಟು ನೆತ್ತಿಗೇರಿತು. ಅದು ಎಲ್ಲಿಂದ ಬಂತೋ ಅವರಿಗೇ ತಿಳಿಯಲಿಲ್ಲ. "ನೀರು ಇರಲಿ, ಬಿಡಲಿ. ತೇಲದಿದ್ದದ್ದನ್ನ ಬೋಟ್ ಅಂತ ಮಾರಬ್ಯಾಡ್ರಿ! ನಾವೇನು ಮಂದೀಗೆ ಮೋಸ ಮಾಡಾಕತ್ತೀವೇನು? ಖರೇ ಬೋಟ್ ತೋರಸ್ರಿ. ನೀರಿಗಿಳಿಸಿ ತೋರಸ್ರಿ."

ಕಾರ್ಖಾನೆಯ ಹಿಂದೆ, ಸೋರುತ್ತದೋ ಇಲ್ಲವೋ ನೋಡಲೆಂದು ಕಟ್ಟಿಸಿದ ಸಿಮೆಂಟಿನ ತೊಟ್ಟಿಯಿತ್ತು. ಎಮ್ಮೆ ಮೀಯಿಸುವ ಹೊಂಡಕ್ಕಿಂತ ಸ್ವಲ್ಪ ದೊಡ್ಡದು. ಕಾಶಿನಾಥ ಗೊಣಗುತ್ತ ನಾಲ್ಕು ಸೀಟಿನ ಒಂದು ಬೋಟನ್ನು ಅದರಲ್ಲಿ ಇಳಿಸಿ, ಭಾರಕ್ಕೆ ಮರಳಿನ ಚೀಲ ತರಲು ಹೇಳಿದ. ಪಾರ್ವತೆಮ್ಮ ಒಪ್ಪಲಿಲ್ಲ. ಇದರಲ್ಲಿ ಕೂರುವುದು ಮರಳಲ್ಲ, ಮನುಷ್ಯರು ಎಂದು ಸೆರಗು ಸಿಕ್ಕಿಸಿ ತಾವೇ ಕಾಲಿಟ್ಟರು, ಹಿಂದೆಯೇ ಅಹಲ್ಯಾಬಾಯಿಯನ್ನೂ ಎಳೆದುಕೊಂಡರು.

ಬೋಟು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಪಾರ್ವತೆಮ್ಮ ಹುಟ್ಟಿದ್ದು ಬಾವಿ ನೀರಿನ ಊರಲ್ಲಿ, ಬದುಕಿದ್ದು ನಳದ ನೀರಿನ ಊರಲ್ಲಿ. ಕಾಲ ಕೆಳಗಿನ ನೆಲ ಹೀಗೆ ಮೆತ್ತಗೆ ಜಾರುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅಹಲ್ಯಾಬಾಯಿ ಕಣ್ಣು ಮುಚ್ಚಿ ರಾಯರೇ ರಾಯರೇ ಎನ್ನುತ್ತಿದ್ದರು. ಕಾಶಿನಾಥ ಬಿದಿರಿನ ಗಳದಿಂದ ದೂಡಿದ. ಬೋಟು ನಿಧಾನವಾಗಿ ತೇಲಿ ಎದುರು ಗೋಡೆಗೆ ತಟ್ಟಿ ನಿಂತಿತು.

"ಬ್ರೇಕ್ ಹಿಡಿ ಪಾರ್ವತಿ, ಬ್ರೇಕ್ ಹಿಡಿ!" ಎಂದು ದಂಡೆಯಿಂದ ಬಸವರಾಜಪ್ಪ ಕೂಗಿದರು.

ಪಾರ್ವತೆಮ್ಮ ಎರಡೂ ಕೈಯಿಂದ ಅಂಚನ್ನು ಹಿಡಿದುಕೊಂಡಿದ್ದರು. ಮುಖದ ಮೇಲೆ ಹನಿಗಳು ಸಿಡಿದಿದ್ದವು. ಒರೆಸಿಕೊಳ್ಳಲಿಲ್ಲ.

"ಸೋರತೈತೇನ್ರಿ ಅಕ್ಕಾರ?" ಎಂದ ಕಾಶಿನಾಥ.

"ಇನ್ನೂ ಗೊತ್ತಾಗವಲ್ದು," ಎಂದರು ಪಾರ್ವತೆಮ್ಮ. "ಇನ್ನೊಮ್ಮೆ ದೂಡ್ರಿ. ಸಾವಕಾಶ."