ಪಥ್ಯದ ಕೊಸರು

ಹೇಳಿದ ದರಕ್ಕೆ ನಾನು ಯಾವ ವಸ್ತುವನ್ನೂ ಕೊಂಡವನಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ಮೂಗು ಸೊಟ್ಟಗಿರುವವನು ತನ್ನ ಮೂಗಿನ ವಿಷಯ ಹೇಳಿಕೊಂಡಂತೆ ಹೇಳುತ್ತಿದ್ದೇನೆ. ಇಳಕಲ್ಲಿನ ನೇಕಾರರ ಮನೆಗಳಿಂದ ಸೀರೆಯ ಗಂಟು ಹೊತ್ತು, ಹುನಗುಂದ, ಬಾಗಲಕೋಟೆ, ಬಾದಾಮಿಗಳ ಪಡಸಾಲೆಗಳಲ್ಲಿ ಅದನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಮೇಲೆ ಬಂದವನು ನಾನು. ಬದನೆಕಾಯಿ ಕೊಂಡರೆ ಕೊತ್ತಂಬರಿ ಕೊಸರು, ಕೊತ್ತಂಬರಿ ಕೊಂಡರೆ ಎರಡು ಹಸಿಮೆಣಸಿನಕಾಯಿ ಕೊಸರು. ಕೊಸರಿಲ್ಲದ ವ್ಯಾಪಾರ ನನ್ನ ಕಣ್ಣಿಗೆ ಸೆರಗಿಲ್ಲದ ಸೀರೆ. ಇಂಥ ನಾನು ಒಂದು ಹಿಡಿ ಸೊಪ್ಪಿನ ಮುಂದೆ ಸೋತಿದ್ದೇನೆ. ನಿಮಗೆ ಎಂದಾದರೂ ಉಪಯೋಗಕ್ಕೆ ಬಂದೀತೆಂದು ಅದನ್ನು ಹೇಳುತ್ತೇನೆ. ಪುಕ್ಕಟೆ ಉಪದೇಶ ಮಾಡುವುದು ನನ್ನ ಎರಡನೆಯ ಚಟ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಅಕ್ಕ ನೀಲಮ್ಮನ ಗಂಡನಿಗೆ ಬಾದಾಮಿಯಲ್ಲಿ ಖಾನಾವಳಿ. ಗಂಡನದು ಎನ್ನುವುದು ಬೋರ್ಡಿನ ಮೇಲಿನ ಮಾತು. ಹಣದ ಪೆಟ್ಟಿಗೆಯ ಮುಂದೆ ಮಾಮಾ ಕೂಡುತ್ತಿದ್ದ, ಒಲೆಯ ಮುಂದೆ ಅಕ್ಕ. ಗುಡ್ಡದ ಗುಹೆ ನೋಡಲು ಬಂದವರು, ಬನಶಂಕರಿಗೆ ಹೊರಟವರು, ಬಸ್ಸಿನ ಡ್ರೈವರು, ಕಂಡಕ್ಟರು ಎಲ್ಲರೂ ತಿನ್ನುತ್ತಿದ್ದದ್ದು ಅವಳು ಬಡಿದ ರೊಟ್ಟಿಯನ್ನೇ. ಅಕ್ಕ ಬೆನ್ನು ಚಾಚಿ ಮಲಗಿದ್ದನ್ನು ಹಗಲಿನಲ್ಲಿ ನೋಡಿದವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಗಂಟು ಇಳಿಸಿ ಊಟಕ್ಕೆ ಕೂತಿದ್ದೆ. ರೊಟ್ಟಿ ಹಾಕಲು ಅಕ್ಕ ಬಾಗಿದಾಗ ಬಾಗಿಲ ಬೆಳಕು ಅವಳ ಮುಖಕ್ಕೆ ಬಿತ್ತು. ಬಣ್ಣ ನೋಡಿಯೇ ಹೊಟ್ಟೆ ಹೊರೆಯುವವನು ನಾನು. ಕಣ್ಣಿನ ಬಿಳುಪಿನಲ್ಲಿ ಇರಬಾರದ ಬಣ್ಣ ಇತ್ತು.

"ಅಕ್ಕಾ, ಸ್ವಲ್ಪ ಈ ಕಡೆ ತಿರುಗು."

"ಏನೋ ತಮ್ಮಾ, ಸೀರಿ ನೋಡಿಧಂಗ ನೋಡ್ತೀ? ಹೊಗಿಗೆ ಹಂಗ ಆಗೈತಿ."

ಹೊಗೆಗೆ ಕಣ್ಣು ಕೆಂಪಾಗುತ್ತದೆ, ಅರಿಸಿನವಾಗುವುದಿಲ್ಲ. ಅದು ಕಾಮಣಿ, ಕಾಮಾಲೆ. ನಮ್ಮ ಅವ್ವ ತೀರಿಕೊಂಡದ್ದೂ ಕಾಮಣಿಯಿಂದಲೇ.

ಹೆದರಿದಾಗ ನನ್ನ ತಲೆ ಬೇಡದ ವಿಚಾರಗಳ ಬೆನ್ನು ಹತ್ತುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಸಾಲಿಯಲ್ಲಿ ಓದಿದ್ದೆನಲ್ಲ, ಪರೀಕ್ಷೆ ಮಾಡಿಯೇ ಬಿಡೋಣವೆಂದು ಗಂಟಿನಿಂದ ಒಂದು ಸೀರೆ ಎಳೆದು ಹಿಡಿದೆ. "ಇದು ಯಾವ ಬಣ್ಣ ಹೇಳು?" ಅಕ್ಕ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಕುಂಕುಮದ್ದು. ಅದೂ ಮಸುಕಾಗೈತಿ. ಯಾರೋ ನಿನ್ನ ತಲಿಗೆ ಕಟ್ಟ್ಯಾರ." ನಿಜವೇ ಆಗಿತ್ತು. ಕಾಮಣಿ ಆದವರಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವರು ಹಳದಿಯಾಗಿ ಕಾಣುತ್ತಾರೆ, ಅಷ್ಟೇ. ಗಾದೆ ಕಟ್ಟಿದವನು ರೋಗಿಯನ್ನು ಕೇಳದೆಯೇ ಕಟ್ಟಿರಬೇಕು.

ಇನ್ನೊಂದು ಸೋಜಿಗ. ನಮ್ಮ ಭಾಷೆಯಲ್ಲಿ ಮೈಯ ಒಂದೊಂದು ಭಾಗಕ್ಕೆ ಒಂದೊಂದು ಮರ್ಯಾದೆ ಇದೆ. ಮರುಗುವುದಕ್ಕೆ ಕರುಳು, ಧೈರ್ಯಕ್ಕೆ ಎದೆ, ಸೊಕ್ಕಿಗೆ ತಲೆ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಆದರೆ ಆ ಪಿತ್ತವನ್ನು ಮಾಡಿ ಕೊಡುವ ಲಿವರನ್ನು ಯಾರೂ ನೆನೆಯುವುದಿಲ್ಲ. ಯಕೃತ್ತು, ಪಿತ್ತಜನಕಾಂಗ ಎಂಬ ಪುಸ್ತಕದ ಹೆಸರುಗಳಿವೆ. ಬಾಯಿಗೆ ಬರುವ ಹೆಸರೇ ಇಲ್ಲ. ನಮ್ಮ ನೇಕಾರರಿಗೆ ಬಣ್ಣದ ನೂಲು ಕೊಡುತ್ತಿದ್ದ ಹುಸೇನಸಾಬ ಮಾತ್ರ ಧೈರ್ಯಕ್ಕೆಲ್ಲ "ಕಲೀಜಾ ಬೇಕ್ರೀ" ಎನ್ನುತ್ತಿದ್ದ. ಕಲೀಜಾ ಎಂದರೆ ಲಿವರೇ, ಅವರ ಮಾತಿನಲ್ಲಿ ಅದಕ್ಕೊಂದು ಗೌರವವಿದೆ. ನಮ್ಮಲ್ಲಿ ಅದು ಹಗಲೂ ರಾತ್ರಿ ದುಡಿದು, ಕೆಟ್ಟ ದಿನ ಮಾತ್ರ ಮನೆಯವರ ಕಣ್ಣಿಗೆ ಬೀಳುವಂಥದ್ದು.

ಸುದ್ದಿ ಹರಡಿತು. ಖಾನಾವಳಿಗೆ ಬಂದವರೆಲ್ಲ ವೈದ್ಯರಾದರು. ಒಬ್ಬ ಅಮೃತಬಳ್ಳಿ ತಂದ, ಒಬ್ಬ ಬೇವಿನ ತೊಗಟೆ, ಇನ್ನೊಬ್ಬ ಹೆಸರೇ ಹೇಳದ ಯಾವುದೋ ಬೇರು. ಹವೀಜ, ಅಂದರೆ ಕೊತ್ತಂಬರಿ ಬೀಜ, ಮತ್ತು ಜೀರಿಗೆ ಕುದಿಸಿ ಕುಡಿಯಿರೆಂದ ಕಂಡಕ್ಟರ್ ಒಬ್ಬನೇ ಅವರಲ್ಲಿ ಸಾಧು. ತಂದವರ ಮನಸ್ಸು ನೋಯಬಾರದಲ್ಲ, ಮಾಮಾ ಎಲ್ಲವನ್ನೂ ಒಂದೇ ಗಡಿಗೆಗೆ ಹಾಕಿ ಕುದಿಸಿದ. ಖಾನಾವಳಿಯವನ ಬುದ್ಧಿ ಅದು: ಸಾರಿಗೆ ಎಷ್ಟು ಬಗೆಯ ಕಾಯಿಪಲ್ಲೆ ಬಿದ್ದರೆ ಅಷ್ಟು ರುಚಿ. ಔಷಧ ತಂದವರಿಗೆಲ್ಲ ಚಹಾ ಮಾಡಿಕೊಟ್ಟವಳು, ಅದೇ ಹಳದಿ ಕಣ್ಣಿನ ಅಕ್ಕ.

"ಬಾಗಲಕೋಟಿ ದವಾಖಾನಿಗೆ ಹೋಗೂಣು ನಡಿ" ಎಂದರೆ, "ನಾ ಸೂಜಿ ಚುಚ್ಚಿಸ್ಕೊಳ್ಳಂಗಿಲ್ಲ. ಹುನಗುಂದದ ಕಡೆ ಕಾಮಣಿ ಔಷಧ ಕೊಡೋ ಅಜ್ಜ ಅದಾನಂತ. ಅವನ ಕಷಾಯ ತಂದುಕೊಡು, ಕುಡೀತೇನಿ" ಎಂದಳು.

ಮಾಮಾನ ಮುಖ ಬಾಡಿತು. ಆ ಅಜ್ಜನ ಕಷಾಯ ಸುತ್ತಿನ ಊರಿಗೆಲ್ಲ ಗೊತ್ತು, ಅದರ ಪಥ್ಯವೂ ಗೊತ್ತು. ಎಣ್ಣೆ ಮುಟ್ಟಬಾರದು, ಖಾರ ಮುಟ್ಟಬಾರದು, ಬಿಸಿಲಿಗೆ ಹೋಗಬಾರದು. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಒಲೆಯ ಮುಂದೆ ಕೂಡಬಾರದು. ಮುರಿದರೆ ಔಷಧ ಉಲ್ಟಾ ಹೊಡೆಯುತ್ತದೆ. ಮಾಮಾ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದು, ಹೆಗಲ ಮೇಲೆ ಕೈ ಹಾಕಿ ಹೇಳಿದ: "ನೀ ಮಾತಿನ್ಯಾಗ ಶಾಣ್ಯಾ ಅದೀ. ಆ ಒಲಿ ವಿಷಯ ಒಂದು ಬಿಡಿಸ್ಕೊಂಡು ಬಾರಪ್ಪಾ. ಪೂರಾ ಆಗಲಿಲ್ಲಂದ್ರ ಅರ್ಧಾರ ಕಡಿಮಿ ಮಾಡಸು."

ಅಜ್ಜ ಬೇವಿನ ಮರದ ಕೆಳಗೆ ಕೂತು ನೆಲನೆಲ್ಲಿಯ ಗಿಡ ಆರಿಸುತ್ತಿದ್ದ. ನಾನು ಕಿಸೆಗೆ ಕೈ ಹಾಕಿದರೆ, "ದುಡ್ಡು ಒಳಗಿಡು. ಕಾಮಣಿ ಔಷಧಕ್ಕ ನಾವು ರೊಕ್ಕ ಮುಟ್ಟಂಗಿಲ್ಲ" ಎಂದ. ನನಗೆ ಕಾಲ ಕೆಳಗಿನ ನೆಲವೇ ಸರಿದಂತಾಯಿತು. ದರವನ್ನೇ ಹೇಳದವನ ಜೊತೆ ಚೌಕಾಶಿ ಮಾಡುವುದಾದರೂ ಹೇಗೆ? ಪಥ್ಯಕ್ಕೇ ಕೈ ಹಚ್ಚಿದೆ. ಖಾನಾವಳಿಯ ಕಷ್ಟ ವರ್ಣಿಸಿದೆ. ಮುಂಜಾನೆ ಒಂದೇ ಹೊತ್ತು ಒಲೆ ಮುಂದೆ ಕೂತರೆ ನಡೆದೀತೇ ಎಂದೆ. ಹದಿನೈದು ದಿನಕ್ಕೆ ಇಳಿಸಿರೆಂದೆ.

ಅಜ್ಜ ತಲೆ ಎತ್ತದೆ ಕೇಳಿದ, "ಏನ್ ದಂಧೆ ನಿಂದು?"

"ಸೀರಿ ವ್ಯಾಪಾರ್ರೀ."

"ಗಿರಾಕಿ ಅರ್ಧಾ ರೊಕ್ಕ ಕೊಡ್ತೇನಂದ್ರ ಸೀರಿ ಅರ್ಧಾ ಹರದ ಕೊಡ್ತೀಯೇನು?"

ಅಲ್ಲಿಗೆ ಪಥ್ಯದ ಚೌಕಾಶಿ ಕೈಬಿಟ್ಟೆ. ಆದರೂ ಹುಟ್ಟುಗುಣ, ಸೊಪ್ಪಿನ ಪೊಟ್ಟಣ ಕೈಗೆ ಬಂದಾಗ ಬಾಯಿ ತಾನಾಗಿ ಅಂದುಬಿಟ್ಟಿತು: "ಯಜ್ಜಾ, ಮತ್ತ ಕೊಸರು?"

ಅಜ್ಜ ಬೊಚ್ಚು ಬಾಯಿ ತೆರೆದು ನಕ್ಕ. "ಎಲಿಗೆ ಕೊಸರಿಲ್ಲಪಾ. ಪಥ್ಯಕ್ಕ ಬೇಕಾದ್ರ ಎಷ್ಟರ ಕೊಸರು ತಗೋ!"

ಬಾದಾಮಿಗೆ ಬಂದು ಇದನ್ನು ನಗೆಯ ಮಾತಾಗಿ ಹೇಳಿದೆ. ಮಾಮಾ ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಕ್ಕನ ಹೆಗಲು ಮಾತ್ರ ಸ್ವಲ್ಪ ಅಲುಗಿತು.

ಪಥ್ಯ ಶುರುವಾಯಿತು. ಮಾಮಾ ಒಲೆಯ ಮುಂದೆ ಕೂತ. ಅವನ ಕೈಯ ರೊಟ್ಟಿಗಳಲ್ಲಿ ದುಂಡಗಿನದು ಒಂದೂ ಇರಲಿಲ್ಲ. "ಮಾಲಕರ, ಇದು ರೊಟ್ಟಿಯೋ ಕರ್ನಾಟಕದ ನಕಾಶೆಯೋ? ಬೀದರ ಕಡೆ ಹಸಿ ಐತಲ್ರೀ" ಎಂದು ಡ್ರೈವರುಗಳು ಕಾಡಿದರು. ನಗು ನಡೆದಿತ್ತು, ಆದರೆ ಅಕ್ಕನ ಕಣ್ಣಿನ ಹಳದಿ ಇಳಿಯಲಿಲ್ಲ. ಮುಂದಿನ ಸಲ ನಾನು ಹೋದಾಗ ಅಂಗೈ ಕೂಡ ಹಳದಿಯಾಗಿತ್ತು. ಕುಡಿದ ಗಂಜಿ ನಿಲ್ಲುತ್ತಿರಲಿಲ್ಲ. ನೋಡಿದರೆ ಮಾಮಾ ಅಜ್ಜನ ಸೊಪ್ಪನ್ನೂ ಅದೇ ಗಡಿಗೆಗೆ ಹಾಕಿದ್ದ. ನನಗೆ ಅವ್ವನ ಕೊನೆಯ ದಿನಗಳ ಮುಖ ಕಂಡಂತಾಯಿತು.

"ಅಕ್ಕಾ, ಈಗಿಂದೀಗ ದವಾಖಾನಿಗೆ ನಡಿ. ನಿನ್ನ ಕಾಲು ಬೀಳ್ತೇನಿ."

ಅಕ್ಕ ಗಡಿಗೆಯ ಕಡೆ ಬೆರಳು ತೋರಿಸಿದಳು. "ಬರ್ತೇನಿ. ಆದ್ರ ಮೊದಲ ಈ ಗಡಿಗ್ಯಾಗಿಂದು ಒಂದು ಲೋಟ ನೀ ಕುಡಿ. ಎಲ್ಲಾರೂ ಕುಡಿ ಕುಡಿ ಅಂತೀರಿ, ಏನ್ ಕುಡಿಯಾಕತ್ತೇನಿ ಅನ್ನೂದರ ತಿಳೀಲಿ."

ಅರ್ಧ ಲೋಟಕ್ಕೆ ಇಳಿಸಲು ನೋಡಿದೆ. ಅಕ್ಕ ಒಪ್ಪಲಿಲ್ಲ. ಕುಡಿದೆ. ಅದರ ಕಹಿಯನ್ನು ವರ್ಣಿಸಲಾರೆ. ಬಾಗಲಕೋಟೆ ಮುಟ್ಟುವವರೆಗೆ ರೋಗಿ ಯಾರೆಂದು ಬಸ್ಸಿನವರಿಗೆ ತಿಳಿಯಲಿಲ್ಲ. ಎರಡು ಸಲ ಬಸ್ಸು ನಿಲ್ಲಿಸಿದ್ದು ನನ್ನ ಸಲುವಾಗಿ.

ಡಾಕ್ಟರು ಅಕ್ಕನ ಬಲಪಕ್ಕೆಲುಬಿನ ಕೆಳಗೆ ಬೆರಳೂರಿ ನೋಡಿದರು. ರಕ್ತ ತೆಗೆದರು, ಅಕ್ಕ ನನ್ನ ಕೈ ಹಿಡಿದುಕೊಂಡಳು. ಏನು ಕುಡಿಸಿದಿರಿ ಎಂದು ಕೇಳಿದರು. ನಾನು ಒಂದೊಂದೇ ಬೇರಿನ ಹೆಸರು ಹೇಳುತ್ತ ಹೋದಂತೆ ಅವರ ಹುಬ್ಬು ಮೇಲೇರುತ್ತ ಹೋಯಿತು.

"ನೋಡ್ರಿ, ನೀವು ನುಂಗಿದ್ದನ್ನೆಲ್ಲಾ ಆ ಲಿವರ್ ಹಸನ ಮಾಡಬೇಕು. ವಿಷಾನೂ ಅದಕ್ಕ ಕೆಲಸ, ಔಷಧಾನೂ ಅದಕ್ಕ ಕೆಲಸ. ಕುಸದು ಬಿದ್ದ ಎತ್ತಿನ ಮ್ಯಾಲ ಆರಾಮ ಆಗಲಿ ಅಂತ ಮತ್ತ ನಾಕು ಚೀಲ ಹೇರೀರಿ. ಮೊದಲು ಆ ಗಡಿಗಿ ಚೆಲ್ರಿ."

"ಹಂಗಾದ್ರ ಅಜ್ಜನ ಎಲಿ ಸುಳ್ಳೇನ್ರೀ?"

"ಸುಳ್ಳು ಅನ್ನಂಗಿಲ್ಲ, ಖರೆ ಅನ್ನಂಗಿಲ್ಲ. ನನಗ ಗೊತ್ತಿಲ್ಲ. ಇಂಥಾ ಕಾಮಣಿ ಭಾಳ ಮಂದಿಗೆ ಆರಾಮ ಮಾಡಿದ್ರ ತಾನ ಇಳೀತೈತಿ, ಕೆಲವರಿಗೆ ಇಳಿಯಂಗಿಲ್ಲ. ಅದಕ್ಕ ನಾ ಹೇಳಿದಾಗ ಬಂದು ತೋರಸ್ರಿ. ಮತ್ತ ಇವರನ್ನ ಒಲಿ ಮುಂದ ಕೂಡಸಬ್ಯಾಡ್ರಿ."

ಅಕ್ಕ ಮೆಲ್ಲಗೆ ಅಂದಳು, "ಅಜ್ಜಾನೂ ಅದನ್ನ ಹೇಳ್ಯಾನ್ರೀ."

ಗಡಿಗೆ ಚೆಲ್ಲಿದೆವು. ಕೆಲವು ದಿನ ದವಾಖಾನೆ, ಆಮೇಲೆ ಮನೆ. ಮಾಮಾ ಸೋತು ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಹಚ್ಚಿಕೊಂಡ. ಅಕ್ಕ ಒಬ್ಬಳು ಮಾಡುತ್ತಿದ್ದ ಕೆಲಸಕ್ಕೆ ಇಬ್ಬರು ಬೇಕೆಂದು ಆಗ ತಿಳಿಯಿತು. ಕಣ್ಣು ತಿಳಿಯಾಗುತ್ತ ಬಂತು. ತಿಳಿಯಾದ ಮೇಲೆ, ಉಳಿಸಿದ್ದು ಯಾವುದೆಂಬ ವಾದ ಖಾನಾವಳಿಯಲ್ಲಿ ಬಹಳ ದಿನ ನಡೆಯಿತು. ಕಂಡಕ್ಟರ್ ಹವೀಜದ ಪರ, ಮಾಮಾ ತನ್ನ ಗಡಿಗೆಯ ಪರ. ನಾನು ಹೋದಲ್ಲೆಲ್ಲ ಬಲ್ಲವರನ್ನು ಕೇಳಿದೆ, ಇಂದಿಗೂ ಕೇಳುತ್ತಿದ್ದೇನೆ. ಕಷಾಯ ಲಿವರಿಗೆ ಏನು ಮಾಡುತ್ತದೆ ಎಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಕಣ್ಣು ಹಳದಿಯಾದರೆ ಮೊದಲು ಡಾಕ್ಟರಿಗೆ ತೋರಿಸಿ, ಹೆಸರಿಲ್ಲದ ಬೇರನ್ನು ಬಾಯಿಗೆ ಹಾಕಬೇಡಿ. ನನ್ನ ಪುಕ್ಕಟೆ ಉಪದೇಶ ಇಷ್ಟೇ.

ಮುಂದಿನ ವರ್ಷ ಅಕ್ಕನ ಕರೆ ಬಂತು: ಲಿವರ್ ಯಾಕೋ ಸರಿಯಿಲ್ಲ, ಅಜ್ಜನ ಎಲೆ ಬೇಕು, ತಮ್ಮ ಕೂಡಲೇ ಬರಲಿ. ಇಬ್ಬರು ಹೆಂಗಸರನ್ನು ಮಾಮಾ ಎಂದೋ ಬಿಡಿಸಿದ್ದ. ಅಕ್ಕ ಮತ್ತೆ ಒಲೆಯ ಮುಂದಿದ್ದಳು. ಸಿಕ್ಕ ಬಸ್ಸು ಹತ್ತಿ ಓಡಿದೆ. ಬಾಗಿಲ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದೆ. ಕಣ್ಣು ಮಲ್ಲಿಗೆಯಷ್ಟು ಬೆಳ್ಳಗಿದ್ದವು. ಅಂಗೈ ನೋಡಿದೆ. ಹಿಟ್ಟು ಹತ್ತಿತ್ತು, ಅಷ್ಟೇ.

"ಅಕ್ಕಾ, ನಿನಗ ಏನೂ ಆಗಿಲ್ಲಲ್ಲ. ಅಜ್ಜನ ಎಲಿ ಯಾಕ?"

ಅಕ್ಕ ಹೊರಗೆ ಪೆಟ್ಟಿಗೆಯ ಮುಂದೆ ಕೂತ ಗಂಡನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಎಲಿ ಯಾರಿಗೆ ಬೇಕೋ? ಬರೇ ಪಥ್ಯ ತಗೊಂಡು ಬಾ. ಕೊಸರು ಕೇಳೂದು ಮರೀಬ್ಯಾಡ."

ನಾನು ಹುನಗುಂದದ ತನಕ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು, ಅಜ್ಜನ ಎಲೆಯ ಬದಲು ಹವೀಜ ಜೀರಿಗೆಯ ಒಂದು ಪೊಟ್ಟಣ ಕಟ್ಟಿಸಿಕೊಂಡು, ಸಂಜೆಗೆ ತಿರುಗಿ ಬಂದು ಮಾಮಾನ ಮುಂದೆ ನಿಂತೆ. "ಏನಂದ್ನೋ ಅಜ್ಜ? ಏನರ ಕಡಿಮಿ ಮಾಡಿದ್ನೋ?" ಎಂದು ಅವನು ಕೇಳಿದ. ಕಡಿಮೆ ಮಾಡಿಸಲು ಹೋಗಿ ಬರಿಗೈಯಲ್ಲಿ ಬಂದವನು ನಾನು ಒಮ್ಮೆ. ಈ ಸಲ ಒಳಗಿನ ಒಲೆಯ ಕಡೆ ನೋಡದೆ, ಮುಖ ಗಟ್ಟಿ ಮಾಡಿ ಹೇಳಿದೆ:

"ಇಲ್ಲ ಮಾಮಾ. ಭಾಳ ಬಿಗಿ ಮನಶ್ಯಾ. ಈ ಸಲ ಮ್ಯಾಲ ಎಂಟ ದಿನ ಹೆಚ್ಚಿಗಿ ಹೇಳ್ಯಾನ."